ಮೂಗಿನ ಬಟ್ಟೆ

"ಬಾಯಿಗ್ ಕಟ್ಟಿರೋ ಚಿಂದಿ ಬಿಚ್ಚೇ ಬೀರಮ್ಮ. ನಿನ್ ಮೂತಿ ನೋಡಿ ಮಿಶಿನ್ನೇನ್ ವಾಂತಿ ಮಾಡ್ಕಳಲ್ಲ."

ಕುವೆಂಪುನಗರದ ಪಾರ್ಕಿನ ಗೇಟಿನಲ್ಲಿ ಮೇಸ್ತ್ರಿ ಮಹದೇವಪ್ರಸಾದ್ ಫೋನು ಹಿಡಿದು ನಿಂತಿದ್ದ. ಬೀರಮ್ಮ ಪೊರಕೆ ಕಂಕುಳಿಗೆ ಸಿಕ್ಕಿಸಿ, ಮೂಗಿಗೆ ಕಟ್ಟಿದ್ದ ಹಳೇ ಸೀರೆಯ ತುಂಡು ಇಳಿಸಿ, ಗದ್ದ ಎತ್ತಿ, ಎರಡು ಸಲ ಕಣ್ಣು ಮಿಟುಕಿಸಿದಳು. ಫೋನು ಹಸಿರಾಯಿತು, ಹಾಜರಿ ಬಿತ್ತು. ಮುಖ ಸಿಗದ ದಿನ ಬೀದಿ ಗುಡಿಸಿದರೂ ಗುಡಿಸದ ಹಾಗೆಯೇ. ನಾಲ್ಕು ವರ್ಷದಿಂದ ಇದೇ ಶಾಸ್ತ್ರ.

"ಆಫೀಸಿಗ್ ಓಗು. ಪೊಲೀಸ್ನೋರು ಬಂದವ್ರೆ. ಏನ್ ಗೇದಿದ್ದೀಯೋ ಮುಂಡೆ."

ಪಾಲಿಕೆ ಆಫೀಸಿನಲ್ಲಿ ಇಸ್ತ್ರಿ ಅಂಗಿಯ ಪೊಲೀಸ್ ಅಧಿಕಾರಿ ಕೂರು ಎನ್ನಲಿಲ್ಲ. ಕಂಪ್ಯೂಟರ್ ಪರದೆ ಅವಳ ಕಡೆ ತಿರುಗಿಸಿದ. ಹೋದ ವಾರ ಮಾಸ್ಕು, ಕೈಗವಸು ಕೇಳಿ ಧರಣಿ ಕೂತಿದ್ದ ಹದಿನಾರು ಹೆಂಗಸರು. ಹದಿನೈದು ಜನ ಮೂಗಿನ ಬಟ್ಟೆ ಇಳಿಸಿ, ಗದ್ದ ಎತ್ತಿ, ಪೊಲೀಸ್ ವ್ಯಾನಿನ ಕ್ಯಾಮೆರಾವನ್ನೇ ನೋಡುತ್ತಿದ್ದರು. ಪ್ರತಿ ಮುಖಕ್ಕೂ ಕೆಂಪು ಚೌಕ, ಕೆಳಗೆ ಹೆಸರು, ಮನೆ ನಂಬರು.

ಬೀರಮ್ಮ ಒಂದೊಂದೇ ಮುಖ ನೋಡಿದಳು. ಅಂದು ಕೂಗಿದವಳು ಅವಳೇ: "ಕ್ಯಾಮ್ರಾ ಬತ್ತಾ ಅದೆ, ಮೊಕ ತೋರ್ಸ್ರವ್ವ, ಆಜ್ರಿ ತಪ್ಪೋದಾತು."

"ಇಷ್ಟ್ ಚೆನ್ನಾಗ್ ಪೋಸ್ ಕೊಡೋರ್ನ ನಾನ್ ನೋಡೇ ಇಲ್ಲ," ಅಧಿಕಾರಿ ನಕ್ಕ. "ಹಾಜರಿ ಫೋಟೋಕ್ಕೆ ಕಂಪ್ಯೂಟರ್ರೇ ತಾಳೆ ಹಾಕ್ತು."

"ಆಜ್ರಿಗ್ ಕೊಟ್ಟ್ ಮೊಕ ನಿಮ್ಗ್ಯಾರ್ ಕೊಟ್ರು ಸಾ?"

"ದೇಶದ ಭದ್ರತೆ ವಿಷ್ಯ. ದಸರಾಕ್ಕೆ ದೊಡ್ಡೋರು ಬರ್ತಾರೆ. ಈ ಮುಖ ಮುಚ್ಕೊಂಡಿರೋಳು ಯಾರು? ಹೇಳ್ಬಿಡು. ಇಲ್ಲಾಂದ್ರೆ ನಾಳೆ ಮಿಷಿನ್ನು ನಿನ್ ಗುರ್ತು ಹಿಡಿಯಲ್ಲ."

ಕೆಮ್ಮು ತಡೆಯಲಾರದೆ ಬಟ್ಟೆ ಒತ್ತಿಕೊಂಡಿದ್ದವಳು ಚಿಕ್ಕತಾಯಮ್ಮ. ಬೀದಿಯ ದೂಳೆಲ್ಲ ಅವಳ ಎದೆಯಲ್ಲಿ ಕೂತಿತ್ತು. ಬಾಗಿಲಿಗೆ ಬಂದ ದೆವ್ವದ ಕೈಗೆ ಹೆಸರು ಕೊಡಬಾರದು, ಕೊಟ್ಟರೆ ಒಳಗೇ ಬಂದು ಕೂರುತ್ತದೆ ಎನ್ನುತ್ತಿದ್ದಳು ಬೀರಮ್ಮನ ಅಜ್ಜಿ. ಅದಕ್ಕೇ ಬಾಗಿಲ ಮೇಲೆ ಸುಣ್ಣದಲ್ಲಿ ಎರಡು ಮಾತು ಬರೆಸಿದ್ದಳು.

"ನಾಳೆ ಬನ್ನಿ ಸಾ," ಎಂದಳು ಬೀರಮ್ಮ.

ಮನೆಯ ದಾರಿಯಲ್ಲಿ ಕಂಬ ಕಂಬಕ್ಕೂ ತಲೆ ಎತ್ತಿ ನೋಡಿದಳು. ಇಷ್ಟು ದಿನ ಆ ಕ್ಯಾಮೆರಾಗಳನ್ನೆಲ್ಲ ದೀಪ ಎಂದುಕೊಂಡಿದ್ದಳು.

ಮರುದಿನ ಫೋನು ಕೆಂಪಾಯಿತು.

"ನಿನ್ ಮೊಕಾನೇ ಇಲ್ಲ ಕಣೇ ಇದ್ರಲ್ಲಿ. ಮನೆಗ್ ನಡಿ," ಎಂದ ಮಹದೇವಪ್ರಸಾದ್.

ಬೀರಮ್ಮ ಬಟ್ಟೆ ಎತ್ತಿ ಮೂಗಿಗೆ ಬಿಗಿದಳು. ಪೊರಕೆ ಕೆಳಗಿಡಲಿಲ್ಲ.

ಮುಂದೆ ಬಂದವಳು ಚಿಕ್ಕತಾಯಮ್ಮ. ಬಟ್ಟೆ ಇಳಿಸಲಿಲ್ಲ. ಅವಳ ಹಿಂದಿನವಳೂ ಇಳಿಸಲಿಲ್ಲ, ಆಕೆಯ ಹಿಂದಿನವಳೂ.

"ಬಿಚ್ರೇ ಲೌಡೀರಾ."

"ದೂಳು ಸಾ," ಎಂದಳು ಚಿಕ್ಕತಾಯಮ್ಮ ಕೆಮ್ಮುತ್ತ.

"ಮುಖ ಕಾಣುತ್ತಿಲ್ಲ," ಎಂದಿತು ಫೋನು. ಸಾಲು ಕದಲಲಿಲ್ಲ. "ಮುಖ ಕಾಣುತ್ತಿಲ್ಲ."