ಏಳು ಬಾಯಿ ಕಚ್ಚಿದ ಗಿಲಕಿ

ನಾನು ಒಂದು ಗಿಲಕಿ. ನನ್ನನ್ನು ಕಚ್ಚದ ಹಲ್ಲು ಮಂಡ್ಯ ಜಿಲ್ಲೆಯಲ್ಲೇ ಇಲ್ಲ. ಸರಿ, ನಗಬೇಡಿ, ಇದರಲ್ಲಿ ಅರ್ಧ ಸುಳ್ಳು. ಕಚ್ಚಿದ್ದು ಏಳೇ ಬಾಯಿ, ಅದರಲ್ಲೊಂದು ನಾಯಿಮರಿಯದು. ಆದರೆ ಏಳು ಅಂದರೆ ಎಷ್ಟು ಅಂತ ಕಚ್ಚಿಸಿಕೊಂಡವಳಿಗೇ ಗೊತ್ತು.

ಹುಟ್ಟಿದ್ದು ಚನ್ನಪಟ್ಟಣದಲ್ಲಿ, ದಸ್ತಗೀರ್ ಸಾಬರ ಕೈಯಲ್ಲಿ. ಹಾಲೆ ಮರದ ತುಂಡನ್ನು ಗರಗರ ತಿರುಗಿಸಿ ಕಡೆದರು. ಹೊಟ್ಟೆಯೊಳಗೆ ಐದು ಹರಳು ಹಾಕಿದರು. ಕೆಂಪು ಅರಗು ಒತ್ತಿ ತಾಳೆಗರಿಯಿಂದ ಉಜ್ಜಿದರು. ಎಷ್ಟು ಹೊಳೆದೆನೆಂದರೆ, ಅಂಗಡಿಗೆ ಬಂದವರು ನನ್ನಲ್ಲಿ ಮುಖ ನೋಡಿಕೊಂಡು ತಲೆ ಬಾಚುತ್ತಿದ್ದರು.

ಮದ್ದೂರಿನಲ್ಲಿ ಜಟಕಾ ಓಡಿಸುತ್ತಿದ್ದ ಕೆಂಚಯ್ಯ ನನ್ನನ್ನೂ ಒಂದು ಹಳದಿ ಬುಗುರಿಯನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿಸಿ ಮನೆಗೆ ತಂದ. ಬುಗುರಿಯೇ ನನ್ನ ಗಂಡ ಅಂತ ಮನೆಯವರು ಆಡಿಕೊಂಡರು. ಗಂಡಸು ನಿಂತಲ್ಲಿ ನಿಲ್ಲುತ್ತಾನೆಯೇ? ತಿರುಗಿ ತಿರುಗಿ ಮೂರನೇ ದಿನ ಬಾವಿಗೆ ಬಿದ್ದ. ಅಂದಿನಿಂದ ನಾನು ವಿಧವೆ. ಗಿಲಗಿಲ ಅನ್ನುವುದನ್ನು ಮಾತ್ರ ಬಿಡಲಿಲ್ಲ.

ಮೊದಲು ಕಚ್ಚಿದವಳು ಕೆಂಚಯ್ಯನ ದೊಡ್ಡ ಮಗಳು ಚೆನ್ನಾಜಿ. ಅವಳಿಗೆ ಎರಡು ತುಂಬಿದಾಗ ತಾಯಿ ಮಾಳಮ್ಮನಿಗೆ ಮತ್ತೆ ಹೆರಿಗೆ ನೋವು ಬಂತು. ಜ್ವರದಲ್ಲಿ ನರಳಿ ನರಳಿ ಚೆನ್ನಾಜಿ ಆಗಷ್ಟೇ ಪಕ್ಕದಲ್ಲಿ ನಿದ್ದೆ ಹೋಗಿದ್ದಳು. ಕೂಗಿದರೆ ಮಗು ಬೆಚ್ಚಿ ಎದ್ದೀತು ಅಂತ ಮಾಳಮ್ಮ ಕೈಗೆ ಸಿಕ್ಕ ನನ್ನ ಹಿಡಿಯನ್ನೇ ಬಾಯಿಗಿಟ್ಟು ಕಚ್ಚಿದಳು. ಅಬ್ಬಾ! ಆನೆ ಕಚ್ಚಿದ್ದರೂ ಅಷ್ಟು ಆಳ ಇಳಿಯುತ್ತಿರಲಿಲ್ಲ. ಅವಳ ಮುಂದಿನ ಹಲ್ಲುಗಳ ನಡುವೆ ಸಂದಿತ್ತು. ಆ ಸಂದು ಬಿಟ್ಟು ಎರಡು ಗುಳಿ ಬಿದ್ದವು. ಸಾವಂತ್ರಿ ಹುಟ್ಟಿದಳು. ಚೆನ್ನಾಜಿಗೆ ಬೆಳಗಾಗುವವರೆಗೂ ಎಚ್ಚರವಾಗಲಿಲ್ಲ.

ಆಮೇಲೆ ಅಕ್ಕತಂಗಿ ಇಬ್ಬರೂ ನನಗಾಗಿ ಜಗಳವಾಡಿದರು, ಎಳೆದಾಡಿ ನನ್ನ ಹೊಟ್ಟೆಯನ್ನು ಬಿರುಕು ಬಿಡಿಸಿದರು. ಅವರ ಮಕ್ಕಳೂ ನನ್ನನ್ನು ಕಚ್ಚಿಯೇ ದೊಡ್ಡವರಾದರು. ಕೊನೆಗೆ ಮಾಳಮ್ಮ ನನ್ನನ್ನು ತನ್ನ ತಗಡಿನ ಪೆಟ್ಟಿಗೆಯಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡಳು.

ಅವಳು ತೀರಿಕೊಂಡ ಮೇಲೆ ಮನೆಗೆ ಸುಣ್ಣ ಹೊಡೆಯಲು ಬಂದವರು ಹಳೇ ಡಬ್ಬಗಳ ಜೊತೆ ಆ ಪೆಟ್ಟಿಗೆಯನ್ನೂ ಗುಜರಿಗೆ ಹಾಕಿಬಿಟ್ಟರು. ಅದು ಯಾರಿಗೂ ಗೊತ್ತಾಗಲಿಲ್ಲ. ತಂಗಿಯೇ ಹೊತ್ತುಕೊಂಡು ಹೋದಳು ಅಂತ ಅಕ್ಕ, ಅಕ್ಕನೇ ಬಚ್ಚಿಟ್ಟಳು ಅಂತ ತಂಗಿ. ಹನ್ನೊಂದು ವರ್ಷ ಮಾತು ಬಿಟ್ಟರು.

ಗುಜರಿಯಿಂದ ನನ್ನನ್ನು ಎತ್ತಿದವರು ಮಂಡ್ಯದ ನಂಜುಂಡಾಚಾರ್. ಹಲ್ಲಿನ ಸೆಟ್ಟು ಮಾಡುವುದು ಅವರ ಕಸುಬು, ಹಳೆಯ ಆಟಿಕೆ ಕೂಡಿಟ್ಟು ರಿಪೇರಿ ಮಾಡುವುದು ಅವರ ಹುಚ್ಚು. ಕಾಲಿಲ್ಲದ ಕುದುರೆ, ಕಿವಿ ಹೋದ ಮೊಲ, ಎಲ್ಲಕ್ಕೂ ಹೊಸ ಅಂಗ, ಹೊಸ ಅರಗು. ಅವರ ಕೈಯಿಂದ ಇಳಿದ ಕುದುರೆ ಮದುವಣಗಿತ್ತಿಯ ಹಾಗಿರುತ್ತಿತ್ತು. ಆದರೆ ಪಾಪ, ತನ್ನ ಬೆನ್ನ ಮೇಲೆ ಯಾರು ಕೂರುತ್ತಿದ್ದರು ಅನ್ನುವುದೇ ಅದಕ್ಕೆ ಮರೆತುಹೋಗಿರುತ್ತಿತ್ತು.

ನನ್ನ ಬಿರುಕಿಗೆ ಅಂಟು ಹಾಕಿದರು. ಸುಖವಾಯಿತು. ಆಮೇಲೆ ಗುಳಿ ಮುಚ್ಚಲು ಮರದ ಪುಡಿ ಕಲಸತೊಡಗಿದರು. ನನ್ನ ಐದು ಹರಳೂ ನಡುಗಿದವು. ಮಾಳಮ್ಮನ ಗುರುತು ಅಂತ ಈ ಭೂಮಿಯ ಮೇಲೆ ಉಳಿದಿದ್ದು ಅದೊಂದೇ.

ಅಷ್ಟರಲ್ಲಿ ಹೊಸ ಸೆಟ್ಟು ತೆಗೆದುಕೊಂಡು ಹೋಗಲು ಒಬ್ಬ ಮುದುಕಿ ಬಂದಳು. ನಮ್ಮ ಚೆನ್ನಾಜಿ! ಆಗಲೇ ಕುರ್ಚಿಯಲ್ಲಿ ಬಾಯಿ ತುಂಬ ಅಳತೆಯ ಮೇಣ ಕಚ್ಚಿ ಕೂತಿದ್ದವಳು ಸಾವಂತ್ರಿ.

"ಅಯ್ಯೋ, ಇದು ನಮ್ಮನೆ ಗಿಲಕಿ ಆಚಾರ್ರೇ! ನೋಡಿ, ಈ ಗುಳಿ ನನ್ ಹಲ್ಲಿಂದು," ಅಂದಳು ಚೆನ್ನಾಜಿ.

ಸಾವಂತ್ರಿ "ಉಂ, ಉಂ" ಅಂದಳು. ತಡೆಯಲಾರದೆ ಮೇಣ ಉಗಿದಳು. "ಆಚಾರ್ರೇ, ಆ ಯಮ್ಮಂಗೆ ಹೇಳಿ, ಅದು ನನ್ ಹಲ್ಲು. ಅವಳು ಕಚ್ತಿದ್ದದ್ದು ಗಿಲಕಿಯಲ್ಲ, ಪಕ್ಕದ್ಮನೆ ಹೈಕಳ ಕಿವಿಯ."

"ಪೆಟ್ಟಿಗೆ ಹೊತ್ಕೊಂಡೋದೋಳು ಹಲ್ಲನ್ನೂ ಹೊತ್ಕೊಂಡೋಗ್ಲಿ ಅಂತ ನೀವೇ ಅವಳಿಗೆ ಹೇಳಿ!"

"ನಿಲ್ಲಿಸ್ರವ್ವ!" ಅಂದರು ಆಚಾರರು. "ಯಾರೂ ಹೊತ್ಕೊಂಡೋಗಿಲ್ಲ. ಪೆಟ್ಟಿಗೆ ಸಮೇತ ಗುಜರೀಲಿ ಸಿಕ್ಕಿದ್ದು. ಅಗೋ, ಅಲ್ಲೈತೆ ಪೆಟ್ಟಿಗೆ." ಭೂತಗನ್ನಡಿ ಹಿಡಿದು ನನ್ನ ಗುಳಿಯನ್ನು ಮೊದಲ ಸಲ ಸರಿಯಾಗಿ ನೋಡಿದರು. "ಇದು ನಿಮ್ಮಿಬ್ರದೂ ಅಲ್ಲ. ಹಾಲುಹಲ್ಲಿಗೆ ಇಷ್ಟು ಅಗಲ ಎಲ್ಲೀದು? ದೊಡ್ಡೋರ ಹಲ್ಲಿದು, ಮಧ್ಯ ಸಂದಿರೋದು. ಪ್ರಾಣ ಹೋಗೋ ನೋವಲ್ಲಿ ಕಚ್ಚವ್ರೆ."

ಚೆನ್ನಾಜಿ ನನ್ನನ್ನು ಸೆರಗಿನಲ್ಲಿ ಒರೆಸಿದಳು.

"ಸಾವಂತ್ರಿ," ಅಂದಳು. ಹನ್ನೊಂದು ವರ್ಷದ ಮೇಲೆ ಆ ಹೆಸರು. "ನೀನು ಹುಟ್ದಾಗ ಅವ್ವ ಉಸ್ ಅಂತಾನೂ ಅನ್ಲಿಲ್ಲ ಅಂತ ಸೂಲಗಿತ್ತಿ ಹೇಳ್ತಿರ್ಲಿಲ್ವಾ?"

"ನಿಂಗವತ್ತು ಜ್ವರ ಇತ್ತಂತೆ ಕಣಕ್ಕ."

ಆಚಾರರು ಕಲಸಿದ ಮರದ ಪುಡಿಯನ್ನು ನೋಡಿದರು. "ಹಂಗಾದ್ರೆ ಇದನ್ನ ಹಿಂಗೇ ಬಿಡೋದಾ?"

"ಆ ಗುಳಿ ಮುಟ್ಟಿ ನೋಡಿ," ಅಂದಳು ಚೆನ್ನಾಜಿ, "ನೀವು ಕೊಟ್ಟ ಹಲ್ಲಲ್ಲೇ ನಿಮ್ ಬೆರಳು ಕಚ್ತೀನಿ."

ಹೊಟ್ಟೆಗೆ ಹೊಸ ಅರಗು ಬಿತ್ತು, ಹಿಡಿ ಹಾಗೆಯೇ ಉಳಿಯಿತು. ಕಾಸು ಕೊಡಲು ಹೋದರೆ ಆಚಾರರು ಕೈ ಕಟ್ಟಿಕೊಂಡರು. ಅಂದಿನಿಂದ ಯಾವ ಆಟಿಕೆ ಬಂದರೂ ಅವರು ಮೊದಲು ಭೂತಗನ್ನಡಿ ಹಿಡಿಯುತ್ತಾರಂತೆ, ಪುಡಿ ಕಲಸುವುದು ಆಮೇಲೆ.

ಈಗ ನಾನೊಂದು ಗೂಡಿನಲ್ಲಿ ಹಾಯಾಗಿ ಕೂತಿದ್ದೇನೆ. ನನಗೆ ನೂರೈವತ್ತು ವರ್ಷ. ಹೋಗಲಿ, ಎಪ್ಪತ್ತೈದು ಅಂತಿಟ್ಟುಕೊಳ್ಳಿ. ಯಾರ ಮನೆಯ ಗೂಡು ಅಂತೀರಾ? ಅಕ್ಕನದೋ, ತಂಗಿಯದೋ? ನಾನೇಕೆ ಹೇಳಲಿ? ಪಕ್ಕದಲ್ಲಿ ನೀರು ತುಂಬಿದ ಎರಡು ಲೋಟ ಇವೆ. ಒಂದೊಂದರಲ್ಲೂ ಒಂದೊಂದು ಹಲ್ಲಿನ ಸೆಟ್ಟು. ಯಾರದು ಯಾರ ಬಾಯಿಗೆ ಹೋಯಿತು ಅಂತ ದಿನಾ ಬೆಳಿಗ್ಗೆ ಜಗಳ. ಈಗ ನೀವೇ ಹೇಳಿ, ಯಾರ ಮನೆ?