ಭರತ ಇಳಿಯುವ ತನಕ

ಕಲ್ಲಬೇಲೆಯ ಗಣಪಿಗೆ ಸಿಟ್ಟು ಬಂದರೆ ಅವಳ ಗಂಡ ಮಂಕಾಳಿ ಬಲೆ ಹೆಣೆಯುವ ನೆಪ ಹೂಡಿ ಹಿತ್ತಲಿಗೆ ಜಾರಿಕೊಳ್ಳುತ್ತಿದ್ದ. ಅವತ್ತು ಮಾತ್ರ ಜಾರಲಿಲ್ಲ. ಸಿಟ್ಟು ತನ್ನ ಮೇಲಿನದಲ್ಲವಲ್ಲ, ತಮಾಷೆ ನೋಡಬಹುದಿತ್ತು. ಬಂದರು ದೊಡ್ಡದು ಮಾಡುವವರ ಆಫೀಸಿನಿಂದ ಒಬ್ಬ ಸಾಹೇಬ ಬಂದು ಅಂಗಳದಲ್ಲಿ ನಕ್ಷೆ ಹಾಸಿದ್ದ. ನಕ್ಷೆಯಲ್ಲಿ ಊರ ಮುಂದಿನ ಹೊಳೆಯೆಲ್ಲ ನೀಲಿ, ಬರೀ ನೀಲಿ.

“ನಮ್ಮ ಬೆಳಚಿನ ದಿಬ್ಬ ಎಲ್ಲಿ?” ಎಂದಳು, ಅಲ್ಲಿ ಬೆಳಚು ಎಂಬ ಚಿಪ್ಪುಮೀನು ಹೆಕ್ಕಿ ಬದುಕುವ ಗಣಪಿ.

“ಯಾವ ದಿಬ್ಬರೀ? ಖಾಲಿ ನೀರು ಐತಿ, ನೀವ ನೋಡ್ರಿ,” ಎಂದು ಸಾಹೇಬ ಹೊಳೆಯತ್ತ ಕೈ ಮಾಡಿದ. ಸಂಗಪ್ಪ ಹೂಗಾರ ಅಂತ ಹೆಸರು, ವಿಜಯಪುರದ ಕಡೆಯವನು, ಮೊನ್ನೆಮೊನ್ನೆಯಷ್ಟೇ ಕರಾವಳಿ ಕಂಡವನು. ಅವನು ಹೇಳಿದ್ದೂ ಸುಳ್ಳಲ್ಲ. ಹೊಳೆ ಆಗ ಕಟ್ಟೆ ಮುಟ್ಟಿ ತುಂಬಿ ನಿಂತಿತ್ತು.

ಈ ನಕ್ಷೆಗೆ ಅಳತೆ ಮಾಡಿದವರು ಬಂದದ್ದು ದೊಡ್ಡ ದೋಣಿಯಲ್ಲಿ. ದೊಡ್ಡ ದೋಣಿ ಓಡಬೇಕಾದರೆ ನೀರು ತುಂಬಿರಬೇಕು. ನೀರು ತುಂಬಿದ್ದರೆ ದಿಬ್ಬ ಹೇಗೆ ಕಂಡೀತು? ದಿಬ್ಬವಿಲ್ಲ ಎಂದಮೇಲೆ ಅಲ್ಲಿ ದುಡಿಯುವವರೂ ಇಲ್ಲ. ಯಾರೂ ಇಲ್ಲದ ನೀರನ್ನು ಅಗೆದು ಹಡಗಿಗೆ ದಾರಿ ಮಾಡಲು ಯಾರಪ್ಪನ ಅಪ್ಪಣೆ ಬೇಕು? ಹೋದ ಸಲ ಹೀಗೇ ಹೂಳೆತ್ತಿ ಪಕ್ಕದ ಕೇರಿಯ ಉಪ್ಪುನೀರಿನ ಗಜನಿ ಗದ್ದೆಗೆ ಸುರಿದಿದ್ದರು. ಮಳೆಗಾಲದಲ್ಲಿ ಕಗ್ಗ ಭತ್ತ, ಅದು ಕೊಯ್ದಮೇಲೆ ಸಿಗಡಿ ಕೊಡುತ್ತಿದ್ದ ನೆಲದಲ್ಲಿ ಈಗ ಮುಳ್ಳು ಬೆಳೆಯುತ್ತಿದೆ. ಈ ದಿಬ್ಬವೂ ಹೋದರೆ ಬುಟ್ಟಿ ಹಿಡಿದು ಎಲ್ಲಿಗೆ ಹೋಗುವುದು? ಗಣಪಿಗೆ ಸಿಟ್ಟಿನ ಅಡಿಯಲ್ಲಿ ನಿಜವಾಗಿ ಹೆದರಿಕೆಯಾಯಿತು.

“ಸಹಿ ಹಾಕಿ ಹೋಗ್ತೀನ್ರೀ. ಇದನ್ನ ಇವತ್ತ ಮ್ಯಾಲಕ್ಕ ಕಳಸಬೇಕು,” ಎಂದು ಸಂಗಪ್ಪ ಪೆನ್ನು ತೆಗೆದ.

“ತಡೀರಿ ಮಾರಾಯ್ರೆ! ದಿಬ್ಬ ತೋರಿಸ್ತೆ. ಈಗ ಆಗೂದಿಲ್ಲ. ಭರತ ಇಳೀಬೇಕು.”

“ಎಲ್ಲಿಂದ ಇಳೀಬೇಕ್ರೀ? ಬಸ್ಸಿನ್ಯಾಗ ಬರ್ತಾನೇನು?”

ಗಣಪಿ ಗಂಡನ ಮುಖ ನೋಡಿದಳು. ಸಮುದ್ರದ ಉಬ್ಬರಕ್ಕೆ ಭರತ ಅನ್ನುವುದು ಇಲ್ಲಿ ಹಾಲುಗೂಸಿಗೂ ಗೊತ್ತು. ಬಯಲುಸೀಮೆಯ ಈ ಪುಣ್ಯಾತ್ಮನಿಗೆ ಯಾರು ಹೇಳಿಕೊಟ್ಟಾರು?

ಮಂಕಾಳಿ ಇಂಥ ಅವಕಾಶ ಬಿಡುವ ಆಸಾಮಿಯೇ? “ಬಸ್ಸು ಗಿಸ್ಸು ಬೇಡ ಅವ್ನಿಗೆ. ತಾನಾಗೇ ಬತ್ತ, ತಾನಾಗೇ ಹೋತ. ಅವ ಇರೂ ತನಕ ಊರಿನ ಹೆಂಗಸ್ರು ಒಬ್ರೂ ಹೊಳೆಗೆ ಇಳಿಯೂದಿಲ್ಲ.”

“ಅಂದ್ರ ಊರಿಗೆ ದಾದಾ ಏನ್ರೀ?”

“ಅಮಾಸೆ ಹುಣ್ಣಿಮೆಗಂತೂ ಕೇಳೂದೇ ಬೇಡ. ಸೀದಾ ಅಂಗಳಕ್ಕೇ ನುಗ್ತ.”

“ಕುಡೀತಾನೇನು?”

“ಕುಡಿಯೂದೆಲ್ಲಿ ಬಂತು, ಕೈಗೆ ಸಿಕ್ಕಿದವ್ರಿಗೆ ಹೊಟ್ಟೆ ತುಂಬ ಕುಡಿಸ್ತ!”

ಸಂಗಪ್ಪನ ಮುಖ ಕೆಂಪೇರಿತು. ಹೆಂಗಸರನ್ನು ಹೆದರಿಸುವ ಗಂಡಸೆಂದರೆ ಅವನಿಗೆ ಮೈಯೆಲ್ಲ ಉರಿ. ನಕ್ಷೆ ಮಡಚಿ ಜಗಲಿಯ ಮೇಲೆ ಗಟ್ಟಿಯಾಗಿ ಕೂತ. “ಅವನ್ನ ನೋಡೇ ಹೋಗ್ತೀನಿ. ಬರ್ಲಿ ಮಗಾ.”

“ಬಂದಾಯ್ತು. ಹೋಗೂದನ್ನ ಕಾಯ್ಬೇಕು,” ಎಂದ ಮಂಕಾಳಿ. ಗಣಪಿ ಅವನ ಪಕ್ಕೆಗೆ ತಿವಿದಳು.

ಹೇಳಿಬಿಡಲೇ ಎಂದು ಅವಳ ಮನಸ್ಸು ಒಂದು ಗಳಿಗೆ ಹೊಯ್ದಾಡಿತು. ಹೇಳಿದರೆ ಇವನು ನಾಚಿಕೊಂಡು, ಸಹಿ ಹಾಕಿ, ಜೀಪು ಹತ್ತುತ್ತಾನೆ. ಬೇಡವೇ ಬೇಡ. ಆದರೆ ಮನೆಗೆ ಬಂದವನನ್ನು ಹಸಿದು ಕೂರಿಸುವುದುಂಟೇ? ಮೀನು ಮುಟ್ಟದ ಜಾತಿ ಎಂದು ಕೇಳಿ ತಿಳಿದು, ಕಗ್ಗದಕ್ಕಿಯ ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ ಬಡಿಸಿದಳು. ಸಂಗಪ್ಪ ಬೇಡಬೇಡ ಎನ್ನುತ್ತಲೇ ಮತ್ತೆ ಹಾಕಿಸಿಕೊಂಡ. ಕೆಂಪಕ್ಕಿ ಗಂಜಿ ತನ್ನ ಕೆಲಸ ಮಾಡಿತು; ಕಂಬಕ್ಕೆ ಒರಗಿದವನು ಗೊರಕೆಯನ್ನೇ ಹೊಡೆದ.

ಎಚ್ಚರವಾದದ್ದು ಹೆಂಗಸರ ಗದ್ದಲಕ್ಕೆ. ನೋಡುತ್ತಾನೆ, ಹೊಳೆಯೇ ಇಲ್ಲ! ನೀರಿದ್ದಲ್ಲಿ ಉದ್ದಕ್ಕೆ ಕೆಸರುದಿಬ್ಬ ಎದ್ದು ನಿಂತಿದೆ. ಅದರ ತುಂಬ ಸೀರೆ ಎತ್ತಿ ಕಟ್ಟಿದ ಹೆಂಗಸರು ಬೆಳಚಿನ ಚಿಪ್ಪು ಹೆಕ್ಕಿ ಬುಟ್ಟಿಗೆ ಎಸೆಯುತ್ತ, ಒಬ್ಬರನ್ನೊಬ್ಬರು ಬೈಯುತ್ತ, ನಗುತ್ತ ಇದ್ದಾರೆ.

“ಇದೆಲ್ಲಿತ್ತರೀ?”

“ಅಲ್ಲೇ ಇತ್ತು. ಭರತ ಅಂದ್ರೆ ಏರಿದ ನೀರು, ಸಾಹೇಬ್ರೆ. ಈಗ ಇಳೀತು,” ಎಂದಳು ಗಣಪಿ.

ಸಂಗಪ್ಪ ಅವಳನ್ನು ನೋಡಿದ, ಮಂಕಾಳಿಯನ್ನು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. “ಯಪ್ಪಾ! ನೀರಿನ ಮ್ಯಾಲೆ ಪೊಲೀಸ್ ಕಂಪ್ಲೇಂಟ್ ಕೊಡಾಕ ಹೊಂಟಿದ್ನಲ್ರೀ!”

ಪ್ಯಾಂಟು ಮಡಚಿ ದಿಬ್ಬಕ್ಕೆ ಇಳಿದೇಬಿಟ್ಟ. ಎರಡು ಸಲ ಜಾರಿ ಬಿದ್ದ. ಇಡೀ ಕೇರಿ ನಕ್ಕಿತು. ನಡೆದಷ್ಟನ್ನೂ ನಕ್ಷೆಯ ನೀಲಿಯ ಮೇಲೆ ಗೆರೆ ಎಳೆದು ಗುರುತು ಮಾಡಿದ. ನಂತರ ಮೆತ್ತಗೆ ಹೇಳಿದ, “ಗಣಪಕ್ಕ, ಬರಿಯೂದು ನನ್ನ ಕೈಯಾಗೈತಿ. ಬಂದರು ನಿಲ್ಸೂದು ಇಲ್ಲ.”

“ಗೊತ್ತದೆ. ಇಲ್ಲವೇ ಇಲ್ಲ ಅಂದೇಳಿ ಬರ್ದದ್ದಕ್ಕೆ ಜಗಳ ಮಾಡೂದು ಹೆಂಗೆ? ಅದೆ ಅಂದೇಳಿ ಬರೀರಿ. ಮುಂದಿನ ಜಗಳ ನಮ್ಗೆ ಬಿಡಿ. ದುಡಿಯೂರ ಹೆಸ್ರೂ ಹಾಕಿ.”

“ಇಷ್ಟು ಮಂದಿ ಹೆಸರು ನಕ್ಷಾದಾಗಿನ ಈ ಸಣ್ಣ ದಿಬ್ಬದಾಗ ಎಲ್ಲಿ ಹಿಡಿತಾವ್ರೀ?”

“ಅವ್ರು ಬಂದರು ದೊಡ್ಡದು ಮಾಡೂದಿಲ್ವಾ?” ಎಂದಳು ಗಣಪಿ. “ನೀವು ದಿಬ್ಬ ದೊಡ್ಡದು ಮಾಡಿ!”

ಸಂಗಪ್ಪ ಮಗುಚಿಟ್ಟ ಬುಟ್ಟಿಯ ಮೇಲೆ ಕೂತು ಬರೆಯತೊಡಗಿದ. ಹೆಂಗಸರು ಕೆಸರುಗೈಯಲ್ಲೇ ಸುತ್ತ ಮುತ್ತಿದರು. ಓದು ಬಾರದವಳೂ ತನ್ನ ಹೆಸರು ಎಲ್ಲಿದೆಯೆಂದು ಬೆರಳಿಟ್ಟು ನೋಡಿದಮೇಲೆಯೇ ಜಾಗ ಬಿಟ್ಟಳು.