ಕೇಶವಯ್ಯನ ಕೊನೆಯ ಚೌಕಾಸಿ

"ಒಳಗೆ ಬೇಡ ಕಣಪ್ಪ, ಒಳಗೆ ಮಾತ್ರ ಬೇಡ" ಎಂದು ಶ್ರೀರಾಮುಲು ಗೇಟಿಗೆ ಅಡ್ಡ ನಿಂತಾಗ ಕೇಶವಯ್ಯನ ಹೆಣ ಹೊತ್ತವರು ಬೀದಿಯ ನಡುವೆಯೇ ನಿಂತುಬಿಟ್ಟರು. ಆಸ್ಪತ್ರೆಯ ವ್ಯಾನು ಗಲ್ಲಿಯ ತುದಿಯಲ್ಲಿ ಅವರನ್ನು ಇಳಿಸಿ ಆಗಲೇ ಹೊರಟುಹೋಗಿತ್ತು.

"ತಪ್ಪು ತಿಳ್ಕಬೇಡಮ್ಮ ಎರ್ರಮ್ಮ. ಮೊಮ್ಮಗಳ ಮದ್ವೆಗೆ ಚಪ್ಪರ ಹಾಕಿವ್ನಿ, ನೋಡು. ಹಸಿ ಹಂದ್ರ. ಬೀಗ್ರಿಗೆ ಗೊತ್ತಾದ್ರೆ ಏನಂತಾರೆ?"

ಎರ್ರಮ್ಮ ಗೇಟಿನ ಮಾವಿನೆಲೆ ತೋರಣವನ್ನು ನೋಡಿದಳು. ಮನೆಯ ಮಾಲೀಕನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಹಿಂದೂಪುರದಲ್ಲಿ ಬಾಡಿಗೆ ಮನೆಯೊಳಗೆ ಹೆಣ ತರುವಂತಿಲ್ಲ ಎಂಬುದು ಯಾರೂ ಬರೆಯದ, ಎಲ್ಲರೂ ಬಲ್ಲ ಕರಾರು. ಬದುಕುವುದಕ್ಕೆ ಬಾಡಿಗೆ ಮನೆ ಸಾಕು, ಸಾಯುವುದಕ್ಕೆ ಸ್ವಂತದ್ದೇ ಬೇಕು. ಅವಳಿಗೆ ಸಿಟ್ಟು ಬಂದದ್ದು ಕಣ್ಣು ಮುಚ್ಚಿ ಮಲಗಿದ್ದ ಗಂಡನ ಮೇಲೆ. ಇದೆಲ್ಲ ತಾನು ಮಾಡಿದ್ದೇ ಅಲ್ಲ ಎನ್ನುವ ಹಾಗೆ ಮಲಗಿದ್ದ ಮಹಾರಾಯ.

ಟೀ ಅಂಗಡಿಯ ಎರಡು ಬೆಂಚು ಜೋಡಿಸಿ, ಬೇವಿನ ಮರದ ನೆರಳಲ್ಲಿ ಕೇಶವಯ್ಯನನ್ನು ಮಲಗಿಸಿದರು. ಮಗ ಆನಂದಕುಮಾರ ಪೆನುಕೊಂಡದ ಹತ್ತಿರದ ಕಾರ್ ಫ್ಯಾಕ್ಟರಿಯಿಂದ ನೇರ ಬಂದವನು, ಇನ್ನೂ ಯೂನಿಫಾರ್ಮಿನಲ್ಲೇ ಇದ್ದ. ಅಪ್ಪನ ಮುಖದ ಮೇಲೆ ಕೂರುತ್ತಿದ್ದ ನೊಣ ಓಡಿಸುತ್ತ ಕೂತ. ಬೈಕುಗಳು ಹಾರ್ನ್ ಹೊಡೆದು, ಆಮೇಲೆ ಕಂಡು, ನಿಧಾನವಾಗಿ ದಾಟಿ ಹೋಗುತ್ತಿದ್ದವು.

ಪಕ್ಕದ ಮಗ್ಗದಲ್ಲಿ ಜೀವಮಾನವೆಲ್ಲ ನೇಯ್ದಿದ್ದ ಗೆಳೆಯ ಅಶ್ವತ್ಥಪ್ಪ ಮೂಗು ಒರೆಸಿಕೊಂಡ. "ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಕಣ್ಲಾ ಕೇಶವ. ಅವತ್ತೇ ರಿಜಿಸ್ಟ್ರು ಮಾಡಿಸ್ಕಂಡ್ಬುಟ್ಟಿದ್ರೆ ಇವತ್ತು ಸ್ವಂತ ಪಡಸಾಲೇಲಿ ಮಲಗಿರ್ತಿದ್ದೆ. ಬೇರಂ, ಚೌಕಾಸಿ ಅಂತ ಸತ್ತೆ."

*

ಚೌಕಾಸಿ ಮಾಡದೆ ಕೇಶವಯ್ಯ ಮನೆಗೆ ತಂದದ್ದು ಎರ್ರಮ್ಮನನ್ನು ಮಾತ್ರ ಎಂದು ನೆಂಟರು ನಗುತ್ತಿದ್ದರು. ಬದನೆಕಾಯಿಗೆ ದುಡ್ಡು ಕೊಟ್ಟಾದ ಮೇಲೂ, ಕೊಸರಿಗೆಂದು ನಾಲ್ಕು ಮೆಣಸಿನಕಾಯಿ ಕೈಗೆ ಬರುವ ತನಕ ಅವನು ಅಂಗಡಿಯ ಮುಂದಿನಿಂದ ಕದಲುತ್ತಿರಲಿಲ್ಲ. ಜಿಪುಣನಲ್ಲ. ಕೊಟ್ಟವನೂ ಕೊಂಡವನೂ ಒಂದು ಸಲ ಜಗಳಾಡಿ ಒಂದು ಸಲ ನಕ್ಕರೇನೇ ಅದು ವ್ಯಾಪಾರ ಎಂದು ನಂಬಿದ್ದ.

ಅವನು ಕೊಳ್ಳಹೊರಟಿದ್ದ ಹಿಂದಿನ ಬೀದಿಯ ಮನೆ ವರಲಕ್ಷ್ಮಮ್ಮನ ತವರಿನದು. ಅವಳನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿತ್ತು, ಅಪ್ಪ ಅವ್ವ ಹೋದ ಮೇಲೆ ಮನೆಗೆ ಬೀಗ ಬಿದ್ದಿತ್ತು. ಬೆಲೆ ಮಾತಾಗಿ, ತಾಂಬೂಲ ಬದಲಾಗಿ, ಅಡ್ವಾನ್ಸೂ ಕೊಟ್ಟಾಗಿತ್ತು. ಕೇಶವಯ್ಯ ಹಿಂದಿನ ಕೋಣೆಯ ಮಣ್ಣುನೆಲದ ಮೇಲೆ ಕಾಲಿನಿಂದಲೇ ಗೆರೆ ಎಳೆದು ತೋರಿಸಿದ್ದ. "ಮಗ್ಗದ ಗುಂಡಿ ಇಲ್ಲಿ. ಬೆಳಕು ಎಡಗಡೆಯಿಂದ ಬತ್ತದೆ. ರಾಟೆ ಹಾಕ್ಕಂಡು ನೀನು ಅಲ್ಲಿ ಕೂತ್ಕ. ನಾನು ತಲೆ ಎತ್ತಿದ್ರೆ ನೀನೇ ಕಾಣ್ಬೇಕು." ಎರ್ರಮ್ಮ ಅಂದಿನಿಂದ ಮನಸ್ಸಿನಲ್ಲೇ ಆ ಮನೆಯ ಕಸ ಗುಡಿಸುತ್ತಿದ್ದಳು, ಮನಸ್ಸಿನಲ್ಲೇ ಹೊಸ್ತಿಲಿಗೆ ರಂಗೋಲಿ ಇಡುತ್ತಿದ್ದಳು. ಆಸೆಯೆಂದರೆ ಅಷ್ಟೇ. ತನ್ನದೊಂದು ಹೊಸ್ತಿಲು.

ರಿಜಿಸ್ಟ್ರೇಷನ್ನಿನ ಹಿಂದಿನ ದಿನ ವರಲಕ್ಷ್ಮಮ್ಮ ಬಂದು ಮನೆ ತೆರೆದಳು. ಅವಳು ಕೂರುವುದಕ್ಕೂ ಮೊದಲೇ ಕೇಶವಯ್ಯ ಗಂಟಲು ಸರಿಮಾಡಿಕೊಂಡ.

"ಒಂದ್ ಮಾತು ಕಣಮ್ಮ. ನಿಮ್ಮವ್ವ ಹೋಗಿದ್ದು ಧನಿಷ್ಠಾ ನಕ್ಷತ್ರದಾಗಂತೆ. ಆರ್ ತಿಂಗ್ಳು ಮನೆ ಮುಚ್ಬೇಕಿತ್ತು, ನೀವು ಮುಚ್ಚಲಿಲ್ವಂತೆ. ಇಂಥಾ ಮನೆ ಯಾರ್ ತಗೋತಾರೆ ಹೇಳು? ಎರಡು ಲಕ್ಷ ಇಳ್ಸಿಬುಡು, ನಾಳೆನೇ ಸೈನ್ ಹಾಕಾನ."

ಧನಿಷ್ಠೆಯಲ್ಲಿ ಜೀವ ಹೋದರೆ ಮನೆಗೆ ದೋಷ, ಎಲ್ಲರೂ ಬಿಟ್ಟು ಹೊರಗಿರಬೇಕು ಎಂಬುದು ಆ ಸೀಮೆಯ ನಂಬಿಕೆ. ಆದರೆ ಕೇಶವಯ್ಯನಿಗೆ ನಕ್ಷತ್ರವೂ ಒಂದೇ, ಅಮಾವಾಸ್ಯೆಯೂ ಒಂದೇ. ಇದು ಬರೀ ಬೇರಂನ ಹಿಡಿಕೆ ಎಂದು ಎರ್ರಮ್ಮನಿಗೆ ಗೊತ್ತಿತ್ತು. ಅವನ ತುಟಿಯಲ್ಲಿ ಆಗಲೇ ನಗು ಬಂದಿತ್ತು. ಈಗ ವರಲಕ್ಷ್ಮಮ್ಮ ಜೋರು ಮಾಡಬೇಕು, ಐವತ್ತು ಸಾವಿರ ಎನ್ನಬೇಕು, ಆಮೇಲೆ ಇಬ್ಬರೂ ನಗಬೇಕು.

ವರಲಕ್ಷ್ಮಮ್ಮ ನಗಲಿಲ್ಲ. "ಮನೆ ಮುಚ್ಚಿ ನಮ್ಮಪ್ಪನ್ನ ಎಲ್ಲಿಗ್ ಕಳಿಸ್ಬೇಕಿತ್ತಣ್ಣ? ಹಾಸಿಗೆಯಿಂದ ಏಳಕ್ಕಾಗ್ದೋನು. ಬೀದೀಲಿ ಮಲಗಿಸ್ಬೇಕಿತ್ತಾ?" ಎಂದಳು. ಎದ್ದು ಬೀಗ ಹಾಕಿ ಕಲ್ಯಾಣದುರ್ಗದ ಬಸ್ಸು ಹತ್ತಿದಳು. ರಿಜಿಸ್ಟ್ರೇಷನ್ನಿನ ದಿನ ಹಾಗೆಯೇ ಹೋಯಿತು.

ಕೇಶವಯ್ಯ ಫೋನು ಎತ್ತಿದ, ಇಟ್ಟ. ಜೀವಮಾನವೆಲ್ಲ ಬೆಲೆ ಇಳಿಸಿದವನಿಗೆ ತಾನು ಇಳಿಯುವುದು ಹೇಗೆಂದು ಗೊತ್ತಿರಲಿಲ್ಲ. ಒಂದು ಸಂಜೆ ಎರ್ರಮ್ಮ ಹುಡುಕಿಕೊಂಡು ಹೋದರೆ, ಆ ಬೀಗದ ಬಾಗಿಲ ಮುಂದಿನ ಜಗಲಿಯ ಮೇಲೆ ಕೂತಿದ್ದ. ಅವಳೂ ಪಕ್ಕದಲ್ಲಿ ಕೂತಳು.

"ಒಪ್ಪಿದ್ ರೇಟಿಗೇ ಆಗ್ಲಿ ಅಂತ ಹೇಳ್ಬಾರ್ದಾ?"

"ಸೋಮವಾರ ಹೇಳ್ತೀನಿ ಬಿಡೆ."

ಆ ಸೋಮವಾರ ಅವನ ಪಾಲಿಗೆ ಬರಲಿಲ್ಲ.

*

ಆನಂದಕುಮಾರ ವರಲಕ್ಷ್ಮಮ್ಮನಿಗೂ ಫೋನು ಮಾಡಿದ್ದ. ಮಧ್ಯಾಹ್ನ ಆಟೋದಿಂದ ಹೂವಿನ ಹಾರ ಹಿಡಿದು ಇಳಿದವಳು ಬೆಂಚುಗಳನ್ನು ಕಂಡು ನಿಂತಳು. "ಯಾಕ್ರಪ್ಪ ಬೀದೀಲಿ ಮಲಗ್ಸಿದೀರಿ?"

ಗೇಟಿನ ತೋರಣ ನೋಡಿ ಅವಳಿಗೇ ಅರ್ಥವಾಯಿತು. ಸೆರಗಿನ ಗಂಟಿನಿಂದ ಬೀಗದಕೈ ಬಿಚ್ಚಿದಳು. "ಎತ್ಕಳಿ. ನಮ್ಮನೆಗೆ ತಗಂಡು ನಡೀರಿ."

ಅಶ್ವತ್ಥಪ್ಪನೇ ತಡೆದ. "ಯೋಚ್ನೆ ಮಾಡಮ್ಮ. ರಿಜಿಸ್ಟ್ರಾಗಿಲ್ಲ. ಬೇರೇರ ಹೆಣ ಇಳ್ಸಿದ್ ಮನೆ ಅಂದ್ರೆ ಆಮೇಲೆ ಯಾರೂ ಮೂಸಿ ನೋಡಕ್ಕಿಲ್ಲ."

"ಯಾರಿಗ್ ಮಾರ್ಲಿ ನಾನು? ಎರ್ರಮ್ಮಕ್ಕನಿಗೇ ಕೊಡೋದು. ಅಣ್ಣ ಕೇಳಿದ್ರಲ್ಲ, ಆ ರೇಟಿಗೇ. ಎರಡು ಲಕ್ಷ ಇಳ್ಸಿದೀನಿ. ಏಳ್ರಿ."

ಎರ್ರಮ್ಮ ಅಷ್ಟು ಹೊತ್ತು ಅತ್ತಿರಲಿಲ್ಲ. ಈಗ ಕಣ್ಣು ತುಂಬಿ ಬಂತು, ಜೊತೆಗೆ ಹಠವೂ ಬಂತು.

"ಬೇಡ ಕಣಮ್ಮ. ಮೊದ್ಲು ಒಪ್ಪಿದ್ ರೇಟೇ. ಅದಕ್ ಹೂಂ ಅಂದ್ರೆ ಎತ್ತಿಸ್ತೀನಿ, ಇಲ್ದಿದ್ರೆ ಇಲ್ಲಿಂದ್ಲೇ ಸುಡುಗಾಡಿಗೆ."

"ಇದೇನಕ್ಕ? ಹೆಣ ಮುಂದಿಟ್ಕಂಡು!"

"ನಿಮ್ಮವ್ವನ ಸಾವಿಗೆ ರೇಟು ಕಟ್ಬುಟ್ರು ಇವರು. ಆ ಮಾತು ಹೊತ್ಕಂಡು ಹೋಗೋದ್ ಬೇಡ."

"ಒಂದು ಲಕ್ಷನಾದ್ರೂ ಇಳಿಸ್ಕಳಕ್ಕ."

"ಒಂದ್ ರೂಪಾಯೂ ಇಲ್ಲ."

ಆನಂದಕುಮಾರ ಏನೋ ಹೇಳಲು ಬಾಯಿ ತೆರೆದ. ಅವ್ವ ನೋಡಿದ ನೋಟಕ್ಕೆ ಮುಚ್ಚಿಕೊಂಡ. ಕೊಳ್ಳುವವಳು ಏರಿಸುತ್ತಾಳೆ, ಮಾರುವವಳು ಇಳಿಸುತ್ತಾಳೆ, ನಡುವೆ ಚೌಕಾಸಿಯ ಸರದಾರ ಹಾರ ಹಾಕಿಕೊಂಡು ಸುಮ್ಮನೆ ಮಲಗಿದ್ದಾನೆ. ಅಶ್ವತ್ಥಪ್ಪನಿಗೆ ತಡೆಯಲಾಗಲಿಲ್ಲ. "ಏಳ್ಲಾ ಕೇಶವ, ನಿನ್ನೆಂಡ್ರು ಬೇರಂ ಕೆಡಿಸ್ತಾವ್ಳೆ!" ಎಂದವನು ನಗುತ್ತ ನಗುತ್ತಲೇ ಬಿಕ್ಕಿದ. ಹೆಂಗಸರೂ ಹಾಗೆಯೇ ನಕ್ಕು ಅತ್ತರು. ವರಲಕ್ಷ್ಮಮ್ಮ ಸೋತು ಎರ್ರಮ್ಮನ ಕೈ ಹಿಡಿದುಕೊಂಡಳು. "ಸರೇ ಅಕ್ಕ. ನೀ ಹೇಳ್ದಂಗೇ."

ಕೇಶವಯ್ಯನನ್ನು ಆ ಮನೆಯ ಪಡಸಾಲೆಯಲ್ಲಿ ದಕ್ಷಿಣಕ್ಕೆ ತಲೆ ಮಾಡಿ ಮಲಗಿಸಿದರು. ಅಂಗಳದಲ್ಲಿ ಬಿಸಿನೀರು ಎರೆದರು. ಎರ್ರಮ್ಮ ತಲೆಯ ಬಳಿ ಕೂತು, ಯಾರಿಗೂ ಕೇಳದ ಹಾಗೆ, "ಬೆಳಕು ಎಡಗಡೆಯಿಂದ್ಲೇ ಬತ್ತದೆ, ನೋಡಿ" ಎಂದಳು. ಅವನು ನೋಡಬೇಕಿತ್ತು. ಒಂದೇ ಒಂದು ದಿನ, ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ತಲೆ ಎತ್ತಬೇಕಿತ್ತು. ಅವಳು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮನೆಯಲ್ಲಿ ಅವನೂ ಇದ್ದ.

*

ಗಂಡಸರು ಸುಡುಗಾಡಿಗೆ ಹೋದ ಮೇಲೆ ಹೆಂಗಸರು ಮನೆ ತೊಳೆದರು. ಕೇಶವಯ್ಯನ ತಲೆಯಿದ್ದ ಜಾಗದಲ್ಲಿ ಎರ್ರಮ್ಮ ದೀಪ ಹಚ್ಚಿಟ್ಟಳು. ಸುಟ್ಟು ಬಂದವರು ಆ ದೀಪ ನೋಡಿಯೇ ತಮ್ಮ ಮನೆಗಳಿಗೆ ಹೋಗಬೇಕು.

ಹೊತ್ತು ಮುಳುಗುವಾಗ ಬೀದಿಗಳು ಕೂಡುವಲ್ಲಿ ಹೆಜ್ಜೆ ಸಪ್ಪಳ ಕೇಳಿಸಿತು. ಎರ್ರಮ್ಮ ಇಣುಕಿದಳು. ಆನಂದಕುಮಾರ ಮುಂದೆ, ಅಶ್ವತ್ಥಪ್ಪ ಮತ್ತು ಉಳಿದವರು ಹಿಂದೆ. ಎಲ್ಲರೂ ತಲೆ ತಗ್ಗಿಸಿಕೊಂಡು, ಹಳೆಯ ರೂಢಿಗೆ ಕಾಲು ಎಳೆದ ಕಡೆಗೆ, ಶ್ರೀರಾಮುಲುವಿನ ಗಲ್ಲಿಗೆ ತಿರುಗುತ್ತಿದ್ದರು.

ಅವಳು ಜಗಲಿಗೆ ಬಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಆನಂದಾ, ಆ ಕಡೆ ಅಲ್ಲ ಕಣಪ್ಪಾ! ಈ ಕಡೆ ಬಾ. ನಮ್ಮನೆ ಇಲ್ಲಿ!"

ಒದ್ದೆ ಪಂಚೆಯ ಗಂಡಸರು ಒಬ್ಬೊಬ್ಬರಾಗಿ ತಿರುಗಿ ನೋಡಿದರು. ತೆರೆದ ಬಾಗಿಲಲ್ಲಿ, ಬೆನ್ನ ಹಿಂದಿನ ದೀಪದ ಬೆಳಕಿನಲ್ಲಿ, ಅವರ ಕಾಲಿಗೆ ನೀರು ಹಿಡಿದು ಎರ್ರಮ್ಮ ನಿಂತಿದ್ದಳು.